ಗೊರಕೆಯ ಗುಟ್ಟು: ಮೂಗಿನಿಂದ ಗಂಟಲಿನವರೆಗೆ ಒಂದು ಹುಡುಕಾಟ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತದೆ ಗಾದೆ. ಬಸ್ಸಿನಲ್ಲಿ ಕುಳಿತ ಐದೇ ನಿಮಿಷಕ್ಕೆ ತಲೆ ವಾಲಿಸುವವರನ್ನು, ಮದುವೆ ಮನೆಯಲ್ಲಿ ಊಟವಾದ ಮೇಲೆ ಕುರ್ಚಿಯಲ್ಲೇ ಗೊರಕೆ ಹೊಡೆಯುವವರನ್ನು ಕಂಡು ‘ಪುಣ್ಯವಂತರು’ ಎಂದು ಹೊಟ್ಟೆಕಿಚ್ಚು ಪಡುವವರೇ ಹೆಚ್ಚು. ಗೊರಕೆಯ ಸದ್ದು ಸ್ವಲ್ಪ ಜೋರಾದರೆ ಮನೆಯವರು ಕುಂಭಕರ್ಣನೆಂದು ಹೆಸರಿಟ್ಟು ನಕ್ಕುಬಿಡುತ್ತಾರೆ.

ಆದರೆ ಪಕ್ಕದಲ್ಲಿ ಮಲಗಿ ನಿದ್ದೆಗೆಟ್ಟ ಹೆಂಡತಿಗೆ ಬೇರೆಯೇ ಒಂದು ಸಂಗತಿ ಗೊತ್ತಿರುತ್ತದೆ. ಏರುತ್ತಾ ಹೋಗುವ ಗೊರಕೆ ಥಟ್ಟನೆ ನಿಲ್ಲುತ್ತದೆ. ಕೋಣೆ ನಿಶ್ಶಬ್ದ. ಎದೆ ಏರಿಳಿಯುತ್ತಿರುತ್ತದೆ, ಆದರೆ ಉಸಿರಾಡುವ ಸದ್ದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಆಮೇಲೆ ನೀರಿನಲ್ಲಿ ಮುಳುಗಿದ್ದವನು ಮೇಲೆ ಬಂದಂತೆ ದೊಡ್ಡದೊಂದು ಏದುಸಿರು, ಹೊರಳಾಟ, ಮತ್ತೆ ಗೊರಕೆ. ಬೆಳಗಾದರೆ ಗಂಡನಿಗೆ ಇದಾವುದೂ ನೆನಪಿರುವುದಿಲ್ಲ. ತಲೆಭಾರ, ಒಣಗಿದ ಬಾಯಿ, ಹಗಲೆಲ್ಲ ತೂಕಡಿಕೆ ಮಾತ್ರ ಉಳಿದಿರುತ್ತವೆ.

ಇದಕ್ಕೆ ವೈದ್ಯರು ಕೊಟ್ಟಿರುವ ಹೆಸರು ಸ್ಲೀಪ್ ಆಪ್ನಿಯಾ. ‘ಆಪ್ನಿಯಾ’ ಎಂದರೆ ಗ್ರೀಕ್ ಮೂಲದಲ್ಲಿ ಉಸಿರಿಲ್ಲದ ಸ್ಥಿತಿ. ಇಂಥ ರೋಗಿ ವೈದ್ಯರ ಬಳಿ ಹೋದಾಗ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ಮೂಗಿನ ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆಯೇ?’ ಎಂಬುದು. ಉಸಿರಾಡುವುದು ಮೂಗಿನಿಂದ, ಕಟ್ಟಿರುವುದೂ ಮೂಗೇ ಇರಬೇಕು ಎಂಬುದು ಸಹಜ ತರ್ಕ. ವೈದ್ಯಶಾಸ್ತ್ರವೂ ಬಹುಕಾಲ ಮೂಗಿನ ಬಾಗಿಲಲ್ಲೇ ನಿಂತಿತ್ತು. ಅಲ್ಲಿಂದ ನಾಲ್ಕು ಬೆರಳು ಹಿಂದಿರುವ ಗಂಟಲನ್ನು ತಲುಪಲು ಅದಕ್ಕೆ ಶತಮಾನಗಳೇ ಹಿಡಿದವು.

ಹಣೆಯಿಂದ ಬಂದ ಮೂಗು

ಮೂಗಿನ ಶಸ್ತ್ರಕ್ರಿಯೆಯ ಚರಿತ್ರೆ ಆರಂಭವಾಗುವುದು ಭಾರತದಲ್ಲಿ. ಕತ್ತರಿಸಿ ಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಮೂಗು ಕೊಯ್ಯುವುದು ಶಿಕ್ಷೆಯೂ ಅವಮಾನವೂ ಆಗಿದ್ದ ಕಾಲದಲ್ಲಿ ಈ ವಿದ್ಯೆಗೆ ಬೇಡಿಕೆ ಇದ್ದುದರಲ್ಲಿ ಅಚ್ಚರಿಯಿಲ್ಲ. ಗಮನಿಸಬೇಕಾದ ಅಂಶವೆಂದರೆ, ಹೊಸ ಮೂಗು ಕೂಡಿಕೊಳ್ಳುವಾಗ ಹೊಳ್ಳೆಗಳಲ್ಲಿ ಎರಡು ನಳಿಕೆಗಳನ್ನು ಇಡಬೇಕೆಂದು ಸಂಹಿತೆ ಹೇಳುತ್ತದೆ. ಮೂಗು ಮುಖದ ಅಲಂಕಾರ ಮಾತ್ರವಲ್ಲ, ಉಸಿರಿನ ದಾರಿಯೂ ಹೌದೆಂಬ ಎಚ್ಚರ ಅಂದೇ ಇತ್ತು.

ಈ ವಿದ್ಯೆ ಯುರೋಪಿಗೆ ತಲುಪಿದ ಕಥೆಗೆ ಕರ್ನಾಟಕದ ನಂಟಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠಿ ಮನುಷ್ಯ ಟಿಪ್ಪು ಸುಲ್ತಾನನ ಸೈನಿಕರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿಯ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಅವನಿಗೆ ಹೊಸ ಮೂಗು ಕಟ್ಟಿದ. ತೆಳು ಮೇಣದ ಅಚ್ಚನ್ನು ಹಣೆಯ ಮೇಲಿಟ್ಟು ಗುರುತು ಹಾಕಿ, ಆ ಅಳತೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆಯನ್ನು ಮಾತ್ರ ಹಾಗೇ ಉಳಿಸಿ, ಕೆಳಕ್ಕೆ ತಿರುಗಿಸಿ ಕೂರಿಸುವ ವಿಧಾನ ಅದು. ಉಳಿಸಿದ ಆ ಎಳೆಯ ಮೂಲಕವೇ ಹೊಸ ಮೂಗಿಗೆ ರಕ್ತ ಹರಿಯಬೇಕು.

ಈ ಸಂಗತಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರಸಮೇತ ಪ್ರಕಟವಾಯಿತು. ಅದರಿಂದ ಪ್ರೇರಿತನಾದ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇದೇ ಕ್ರಮದಿಂದ ಶಸ್ತ್ರಕ್ರಿಯೆ ನಡೆಸಿ, 1816ರಲ್ಲಿ ಪುಸ್ತಕ ಬರೆದ. ಆದರೆ ಇಲ್ಲಿಯವರೆಗೆ ಕೈಯಾಡಿಸಿದ್ದು ಮೂಗಿನ ಹೊರಗೋಡೆಯ ಮೇಲೆ. ಒಳಗಿನ ಕತ್ತಲ ಓಣಿಗೆ ಬೆಳಕು ಬೀಳುವುದು ಇನ್ನೂ ಬಾಕಿ ಇತ್ತು.

ಬಾಯಿ ತೆರೆದು ಮಲಗುವ ಮಕ್ಕಳು

ಆ ಬೆಳಕು ಬಿದ್ದದ್ದು ಮಕ್ಕಳಿಂದ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿದ್ದ ವಿಲ್‌ಹೆಲ್ಮ್ ಮೇಯರ್ ಎಂಬ ವೈದ್ಯ, ಕಿವಿ ಮಂದವಾಗಿ, ಮೂಗು ಕಟ್ಟಿ, ಬಾಯಿಯಲ್ಲೇ ಉಸಿರಾಡುತ್ತಿದ್ದ ರೋಗಿಗಳ ಅಂಗುಳಿನ ಹಿಂದೆ ಬೆರಳು ಹಾಕಿ ನೋಡಿದ. ಮೂಗು ಗಂಟಲನ್ನು ಸೇರುವ ಜಾಗದಲ್ಲಿ ಮೆತ್ತನೆಯ ಗಡ್ಡೆಗಳು ತಗಲಿದವು. ಇಂದು ಅಡಿನಾಯ್ಡ್ ಎಂದು ಕರೆಯುವ ಈ ಬೆಳವಣಿಗೆಯನ್ನೂ, ಉಂಗುರದಂಥ ಚಾಕುವಿನಿಂದ ಅದನ್ನು ತೆಗೆಯುವ ಬಗೆಯನ್ನೂ ಅವನು 1868ರಲ್ಲಿ ಪ್ರಕಟಿಸಿದ.

1889ರಲ್ಲಿ ಲಂಡನ್ನಿನ ವಿಲಿಯಂ ಹಿಲ್, ಶಾಲೆಯಲ್ಲಿ ಹಿಂದುಳಿದ ಮಕ್ಕಳ ‘ದಡ್ಡತನ’ಕ್ಕೆ ಕಟ್ಟಿದ ಮೂಗು, ಗಂಟಲುಗಳೂ ಕಾರಣವಾಗಬಹುದು ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. 1892ರಲ್ಲಿ ವಿಲಿಯಂ ಆಸ್ಲರ್ ತನ್ನ ಪ್ರಸಿದ್ಧ ವೈದ್ಯಕೀಯ ಪಠ್ಯದಲ್ಲಿ ಟಾನ್ಸಿಲ್ ಊದಿದ ಮಕ್ಕಳ ನಿದ್ದೆಯನ್ನು ವರ್ಣಿಸುತ್ತಾ, ಗೊರಕೆಯ ನಡುವೆ ಉಸಿರು ದೀರ್ಘವಾಗಿ ನಿಂತು ಮತ್ತೆ ಸದ್ದಿನೊಂದಿಗೆ ಆರಂಭವಾಗುವುದನ್ನು ದಾಖಲಿಸಿದ. ಸ್ಲೀಪ್ ಆಪ್ನಿಯಾದ ಚಿತ್ರ ಇದೇ. ಮಕ್ಕಳಲ್ಲಿ ಕಂಡ ಈ ಸಂಗತಿ ದೊಡ್ಡವರಲ್ಲೂ ಇರಬಹುದೆಂದು ಮಾತ್ರ ಹೆಚ್ಚಿನವರಿಗೆ ಹೊಳೆಯಲಿಲ್ಲ. ದೊಡ್ಡವರ ಗೊರಕೆ ನಗೆಯ ವಸ್ತುವಾಗಿಯೇ ಉಳಿಯಿತು.

ಸೊಟ್ಟ ಗೋಡೆ ನೇರವಾದದ್ದು

‘ಮೂಗಿನ ಮೂಳೆ ಬೆಳೆದಿದೆ’ ಎಂದು ನಮ್ಮಲ್ಲಿ ಹೇಳುವ ತೊಂದರೆ ನಿಜವಾಗಿ ಬಹುಮಟ್ಟಿಗೆ ಮೂಗಿನ ನಡುಗೋಡೆ ಸೊಟ್ಟಗಾದದ್ದು. ಎರಡು ಹೊಳ್ಳೆಗಳ ನಡುವಿನ ಈ ಗೋಡೆಯ ಮುಂಭಾಗ ಮೃದ್ವಸ್ಥಿಯಿಂದಲೂ ಹಿಂಭಾಗ ಮೂಳೆಯಿಂದಲೂ ಆಗಿದೆ. ಹುಟ್ಟಿನಿಂದಲೋ ಪೆಟ್ಟಿನಿಂದಲೋ ಅದು ಒಂದು ಕಡೆಗೆ ವಾಲಿದರೆ ಆ ಕಡೆಯ ದಾರಿ ಕಿರಿದಾಗುತ್ತದೆ.

ನೋವು ಮತ್ತು ರಕ್ತಸ್ರಾವ, ಇವೆರಡೂ ಮೂಗಿನೊಳಗೆ ಕತ್ತರಿ ಹಾಕಲು ಇದ್ದ ದೊಡ್ಡ ಅಡ್ಡಿಗಳು. 1884ರಲ್ಲಿ ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೋಲರ್, ಕೊಕೇನ್ ದ್ರಾವಣದ ಹನಿಗಳಿಂದ ಕಣ್ಣು ಮರಗಟ್ಟುತ್ತದೆಂದು ಕಂಡುಹಿಡಿದ. ಹೈಡೆಲ್‌ಬರ್ಗಿನ ಸಮ್ಮೇಳನಕ್ಕೆ ಹೋಗಲು ಅವನ ಬಳಿ ಹಣವಿರಲಿಲ್ಲ. ಅವನ ಪ್ರಬಂಧವನ್ನು ಬೇರೊಬ್ಬ ವೈದ್ಯ ಓದಿದ. ಮೂಗಿಗೆ ಇದು ಕಣ್ಣಿಗಿಂತಲೂ ಹೆಚ್ಚು ಒದಗಿಬಂತು. ಕೊಕೇನ್ ನೋವನ್ನು ತಡೆಯುವುದಷ್ಟೇ ಅಲ್ಲದೆ ಲೋಳೆಪೊರೆಯ ರಕ್ತನಾಳಗಳನ್ನೂ ಕುಗ್ಗಿಸುತ್ತದೆ. ರಕ್ತ ಕಡಿಮೆಯಾಗಿ ಒಳಗಿನ ನೋಟ ತಿಳಿಯಾಯಿತು.

1902ರಲ್ಲಿ ಶಿಕಾಗೋದ ಆಟೋ ಫ್ರೀರ್, 1904ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ಗುಸ್ತಾವ್ ಕಿಲಿಯಾನ್, ಲೋಳೆಪೊರೆಯನ್ನು ಎರಡೂ ಬದಿಯಿಂದ ಬಿಡಿಸಿ ನಡುವಿನ ಸೊಟ್ಟ ಭಾಗವನ್ನು ಮಾತ್ರ ತೆಗೆಯುವ ಶಸ್ತ್ರಕ್ರಿಯೆಯನ್ನು ವಿವರಿಸಿದರು. ಮೂಗು ಕುಸಿಯದಂತೆ ಮೇಲೂ ಮುಂದೂ ಒಂದು ಪಟ್ಟಿಯನ್ನು ತೊಲೆ ಕಂಬಗಳಂತೆ ಉಳಿಸಬೇಕೆಂದು ಕಿಲಿಯಾನ್ ಎಚ್ಚರಿಸಿದ. ಎಲ್ಲರ ಕೈ ಅಷ್ಟು ಹದವಾಗಿರಲಿಲ್ಲ. ಅತಿಯಾಗಿ ತೆಗೆದ ಕಡೆ ಗೋಡೆಯಲ್ಲಿ ತೂತು ಬಿತ್ತು. ಮೂಗಿನ ಸೇತುವೆ ಕುದುರೆಯ ಜೀನಿನಂತೆ ತಗ್ಗಾಯಿತು. ಈ ಅನುಭವದಿಂದ ಪಾಠ ಕಲಿತವರಲ್ಲಿ ಪ್ರಮುಖ ಶಿಕಾಗೋದ ಮಾರಿಸ್ ಕಾಟಲ್. ತೆಗೆಯುವುದಕ್ಕಿಂತ ನೇರಮಾಡಿ ಮತ್ತೆ ಕೂರಿಸುವುದು ಮೇಲು ಎಂಬ ಅವನ ವಾದದಿಂದ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಂದಿನ ಸೆಪ್ಟೋಪ್ಲಾಸ್ಟಿ ರೂಪುಗೊಂಡಿತು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಇವರೆಲ್ಲ ನೋಡಿದ್ದು ಎಚ್ಚರವಾಗಿ ಕುರ್ಚಿಯಲ್ಲಿ ಕುಳಿತ ರೋಗಿಯ ಮೂಗನ್ನು. ಕಾಯಿಲೆ ಕಾಣಿಸಿಕೊಳ್ಳುತ್ತಿದ್ದುದು ರಾತ್ರಿ, ವೈದ್ಯರು ಮನೆಗೆ ಹೋದ ಮೇಲೆ.

ಇಸ್ಪೀಟಿನಲ್ಲಿ ಸೋತವನ ಕಥೆ

ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಕಂತುಗಳಲ್ಲಿ ಬರೆದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಜೋ ಎಂಬ ದಪ್ಪ ಹುಡುಗನಿದ್ದಾನೆ. ಹೇಳಿದ ಕೆಲಸದ ನಡುವೆಯೇ ನಿದ್ದೆಹೋಗುವುದು, ನಿಂತಲ್ಲೇ ಗೊರಕೆ ಹೊಡೆಯುವುದು ಅವನ ಸ್ವಭಾವ. ಓದುಗರು ನೂರು ವರ್ಷಕ್ಕೂ ಹೆಚ್ಚು ಕಾಲ ಅವನನ್ನು ನೋಡಿ ನಕ್ಕರು.

1956ರಲ್ಲಿ ಅಮೆರಿಕದ ಬಾಸ್ಟನ್ನಿನ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ಅಂಥದೇ ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ಸುಮಾರು 120 ಕಿಲೋ ತೂಕದ ಆ ಅಧಿಕಾರಿಗೆ ವಾರಕ್ಕೊಮ್ಮೆ ಪೋಕರ್ ಆಡುವ ಅಭ್ಯಾಸ. ಒಂದು ರಾತ್ರಿ ಮೂರು ಎಕ್ಕ, ಎರಡು ರಾಜ ಕೈಗೆ ಬಂದವು. ಆಟ ಗೆಲ್ಲುವಂಥ ಎಲೆಗಳು. ಆದರೆ ಅವುಗಳನ್ನು ಹಿಡಿದುಕೊಂಡೇ ಅವನು ನಿದ್ದೆಹೋದ. ಇದು ಬರೀ ಸೋಮಾರಿತನವಲ್ಲವೆಂದು ಆಸ್ಪತ್ರೆ ಸೇರಿದ. ವೈದ್ಯರು ಈ ರೋಗಕ್ಕೆ ‘ಪಿಕ್‌ವಿಕಿಯನ್ ಸಿಂಡ್ರೋಮ್’ ಎಂಬ ಹೆಸರು ಬಳಸಿದರು. ಬೊಜ್ಜಿನ ಭಾರದಿಂದ ಎದೆ ಸರಿಯಾಗಿ ಹಿಗ್ಗದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಮಂಪರು ಕವಿಯುತ್ತದೆ ಎಂಬುದು ಅವರ ವಿವರಣೆ. ರೋಗವನ್ನು ಅವರು ಗಂಭೀರವಾಗಿ ಕಂಡರು, ಆದರೆ ಹಗಲಿನ ನಿದ್ದೆಯ ಮೂಲ ಅವರಿಗೆ ಸಿಕ್ಕಲಿಲ್ಲ.

ಅದು ಸಿಕ್ಕಿದ್ದು 1965ರಲ್ಲಿ, ಒಂದೇ ವರ್ಷ ಎರಡು ಊರುಗಳಲ್ಲಿ. ಫ್ರಾನ್ಸಿನ ಮಾರ್ಸೇಲ್‌ನಲ್ಲಿ ಹೆನ್ರಿ ಗಾಸ್ತೊ ಮತ್ತು ಸಂಗಡಿಗರು, ಜರ್ಮನಿಯ ಫ್ರೈಬರ್ಗ್‌ನಲ್ಲಿ ರಿಚರ್ಡ್ ಯೂಂಗ್ ಮತ್ತು ವೋಲ್ಫ್‌ಗಾಂಗ್ ಕೂಲೊ ಇಂಥ ರೋಗಿಗಳ ನಿದ್ದೆಯನ್ನು ಯಂತ್ರಗಳಿಂದ ದಾಖಲಿಸಿದರು. ಮಿದುಳಿನ ವಿದ್ಯುತ್ ಅಲೆ ಮತ್ತು ಉಸಿರಾಟ ಎರಡನ್ನೂ ಜೊತೆಜೊತೆಯಾಗಿ ಬರೆದುಕೊಂಡಾಗ, ರಾತ್ರಿಯಿಡೀ ಉಸಿರು ಮತ್ತೆ ಮತ್ತೆ ನಿಲ್ಲುತ್ತಿದ್ದುದು ಬಯಲಾಯಿತು. ಎದೆ ಉಸಿರೆಳೆಯಲು ಹೆಣಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಪ್ರತಿ ಸಲವೂ ಮಿದುಳು ಅರೆಕ್ಷಣ ಎಚ್ಚೆತ್ತು ಉಸಿರನ್ನು ಬಿಡಿಸಿಕೊಳ್ಳುತ್ತಿತ್ತು. ಇಡೀ ರಾತ್ರಿ ಹಾಸಿಗೆಯಲ್ಲಿದ್ದವನು ನಿಜವಾಗಿ ನಿದ್ದೆಯನ್ನೇ ಮಾಡಿರಲಿಲ್ಲ.

ಕಿಲಿಯಾನ್ ಅರವತ್ತು ವರ್ಷಗಳ ಹಿಂದೆ ಮೂಗಿನ ಗೋಡೆ ನೇರಮಾಡಿದ ಊರೇ ಈ ಫ್ರೈಬರ್ಗ್. ಅದೇ ಊರಿನಲ್ಲಿ ಈಗ ದೋಷ ಇರುವುದು ಮೂಗಿನ ಹಿಂದೆ, ಗಂಟಲಿನಲ್ಲಿ ಎಂಬ ಸುಳಿವು ಸಿಕ್ಕಿತು. 1969ರಲ್ಲಿ ಕೂಲೊ ಮತ್ತು ಸಂಗಡಿಗರು ಗಂಟಲಿನ ಕೆಳಗೆ ಶ್ವಾಸನಾಳಕ್ಕೆ ರಂಧ್ರ ಮಾಡಿ ಇದಕ್ಕೆ ಚಿಕಿತ್ಸೆ ನೀಡಿದ್ದನ್ನು ವರದಿ ಮಾಡಿದರು. ಗಾಳಿ ಮೂಗು, ಗಂಟಲುಗಳನ್ನು ಬಳಸದೆ ನೇರವಾಗಿ ಒಳಹೋದಾಗ ರೋಗಿಯ ಹಗಲಿನ ತೂಕಡಿಕೆ ಮಾಯವಾಯಿತು. ಕತ್ತಿನಲ್ಲಿ ತೂತಿಟ್ಟುಕೊಂಡು ಬದುಕುವುದು ಯಾರಿಗೂ ಹಿತವಲ್ಲ. ಆದರೂ ಒಂದು ದಶಕಕ್ಕೂ ಹೆಚ್ಚು ಕಾಲ ತೀವ್ರ ರೋಗಿಗಳಿಗೆ ನಂಬಬಹುದಾದ ಚಿಕಿತ್ಸೆ ಅದೊಂದೇ ಆಗಿತ್ತು. 1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಗಿಲ್ಮಿನೊ ಮತ್ತು ಸಂಗಡಿಗರು ಈ ರೋಗಕ್ಕೆ ‘ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಸಿಂಡ್ರೋಮ್’ ಎಂಬ ಹೆಸರಿಟ್ಟರು. ಬೊಜ್ಜಿಲ್ಲದವರಲ್ಲೂ ಇದು ಇರುತ್ತದೆಂಬ ಅರಿವೂ ಬಂತು.

1981: ಎರಡು ದಾರಿಗಳು

1981ರಲ್ಲಿ ಎರಡು ಹೊಸ ಚಿಕಿತ್ಸೆಗಳು ಬೆಳಕಿಗೆ ಬಂದವು. ಮೊದಲನೆಯದು ಶಸ್ತ್ರವೈದ್ಯರದು. ಜಪಾನಿನ ಇಕೆಮಾತ್ಸು ಗೊರಕೆಗಾಗಿ ಅಂಗುಳಿನ ಶಸ್ತ್ರಕ್ರಿಯೆಯನ್ನು 1964ರಲ್ಲೇ ವಿವರಿಸಿದ್ದ. ಅದೇ ಜಾಡಿನಲ್ಲಿ ಡೆಟ್ರಾಯಿಟ್‌ನ ಶಿರೊ ಫುಜಿತಾ, ಟಾನ್ಸಿಲ್, ಕಿರುನಾಲಿಗೆ ಹಾಗೂ ಮೆದು ಅಂಗುಳಿನ ಅಂಚನ್ನು ತೆಗೆದು ಗಂಟಲನ್ನು ಅಗಲ ಮಾಡುವ ಕ್ರಮವನ್ನು ಪ್ರಕಟಿಸಿದ. ಅದು ಬಲುಬೇಗ ಜನಪ್ರಿಯವಾಯಿತು. ಆದರೆ ಅಲ್ಲಿಯವರೆಗಿನ ಫಲಿತಾಂಶಗಳನ್ನು 1996ರಲ್ಲಿ ಒಟ್ಟುಮಾಡಿ ನೋಡಿದಾಗ, ನೂರರಲ್ಲಿ ಸುಮಾರು 41 ಮಂದಿಗೆ ಮಾತ್ರ ಸಾಕಷ್ಟು ಗುಣ ಕಂಡಿತ್ತು.

ಎರಡನೆಯದು ಆಸ್ಟ್ರೇಲಿಯಾದ ಸಿಡ್ನಿಯಿಂದ ಬಂತು. ಕಾಲಿನ್ ಸಲಿವನ್ ಎಂಬ ವೈದ್ಯ ಕೆನಡಾದಲ್ಲಿ ನಾಯಿಗಳ ನಿದ್ದೆ, ಉಸಿರಾಟಗಳ ಅಧ್ಯಯನದಲ್ಲಿ ತೊಡಗಿದ್ದವನು. 1980ರ ಜೂನ್‌ನಲ್ಲಿ, ಕತ್ತಿಗೆ ರಂಧ್ರ ಮಾಡಿಸಿಕೊಳ್ಳಲು ಒಪ್ಪದ ಒಬ್ಬ ರೋಗಿ ಅವನ ಪ್ರಯೋಗಕ್ಕೆ ಒಪ್ಪಿದ. ಸಲಿವನ್ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ತಿರುವುಮುರುವಾಗಿಸಿ, ಹೀರುವ ಬದಲು ಊದುವಂತೆ ಮಾಡಿದ. ಆ ಗಾಳಿಯನ್ನು ಮುಖವಾಡದ ಮೂಲಕ ರೋಗಿಯ ಮೂಗಿಗೆ ಬಿಟ್ಟ. ಗೊರಕೆ ನಿಂತಿತು, ಈ ಬಾರಿ ಉಸಿರು ನಿಲ್ಲಲಿಲ್ಲ. ರೋಗಿ ಬೆಳಗಿನವರೆಗೆ ಗಾಢವಾಗಿ ನಿದ್ರಿಸಿದ. ಮರುವರ್ಷ ‘ಲಾನ್ಸೆಟ್’ ಪತ್ರಿಕೆಯಲ್ಲಿ ಐವರು ರೋಗಿಗಳ ವರದಿ ಬಂತು. ಬೇಕಾದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನ ಮಟ್ಟದ್ದು ಮಾತ್ರ. ಶ್ವಾಸಕೋಶವನ್ನು ಒತ್ತಾಯದಿಂದ ಊದಿಸುವ ಯಂತ್ರ ಇದಲ್ಲ. ಕುಸಿಯುವ ಗಂಟಲಿಗೆ ಗಾಳಿಯ ಆಸರೆ ಕೊಡುತ್ತದೆ, ಅಷ್ಟೆ. ಇಂದು ಸಿ-ಪ್ಯಾಪ್ ಎಂದು ಕರೆಯುವ ಯಂತ್ರದ ಹುಟ್ಟು ಇದು.

ಹಾಗಾದರೆ ಮೂಗಿನ ಪಾತ್ರವೇನು?

ಎಳನೀರಿಗೆ ಹಾಕಿದ ಮೆತ್ತನೆಯ ಕೊಳವೆಯ ಒಂದು ತುದಿಯನ್ನು ಅದುಮಿ ಹಿಡಿದು ಜೋರಾಗಿ ಹೀರಿದರೆ ಏನಾಗುತ್ತದೆ? ಕೊಳವೆಯ ನಡುಭಾಗ ಒಳಕ್ಕೆ ಕುಸಿದು ಅಂಟಿಕೊಳ್ಳುತ್ತದೆ. ಉಸಿರಿನ ದಾರಿಯೂ ಹೀಗೆಯೇ. ಮೂಗಿಗೆ ಮೂಳೆಯ ಚೌಕಟ್ಟಿದೆ, ಶ್ವಾಸನಾಳಕ್ಕೆ ಮೃದ್ವಸ್ಥಿಯ ಉಂಗುರಗಳಿವೆ. ನಡುವಿನ ಗಂಟಲು ಮಾತ್ರ ಮಾಂಸದ ಕೊಳವೆ. ಎಚ್ಚರವಿರುವಾಗ ಸ್ನಾಯುಗಳು ಅದನ್ನು ಬಿಗಿಯಾಗಿ ತೆರೆದಿಡುತ್ತವೆ, ನಿದ್ದೆಯಲ್ಲಿ ಸಡಿಲಬಿಡುತ್ತವೆ. ಮೂಗು ಕಿರಿದಾಗಿದ್ದರೆ ಎದೆ ಇನ್ನಷ್ಟು ಬಲವಾಗಿ ಎಳೆಯಬೇಕು. ಆ ಸೆಳೆತಕ್ಕೆ ಗಂಟಲು ಇನ್ನಷ್ಟು ಕುಸಿಯುತ್ತದೆ. ಆರೋಗ್ಯವಂತರ ಮೂಗನ್ನು ಬೇಕೆಂದೇ ಮುಚ್ಚಿ ಮಲಗಿಸಿದಾಗ ಉಸಿರು ನಿಲ್ಲುವ ಪ್ರಸಂಗಗಳು ಹೆಚ್ಚಾದದ್ದನ್ನು 1980ರ ದಶಕದ ಪ್ರಯೋಗಗಳು ತೋರಿಸಿದವು.

ಅಂದರೆ ಮೂಗು ನಿರಪರಾಧಿಯಲ್ಲ, ಆದರೆ ಮುಖ್ಯ ಆರೋಪಿಯೂ ಅಲ್ಲ. 2008ರಲ್ಲಿ ಗ್ರೀಸ್‌ನಲ್ಲಿ ನಡೆದ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿತು. ಮೂಗಿನ ಗೋಡೆ ಸೊಟ್ಟಗಿದ್ದ 49 ಆಪ್ನಿಯಾ ರೋಗಿಗಳಲ್ಲಿ 27 ಮಂದಿಗೆ ನಿಜವಾದ ಶಸ್ತ್ರಕ್ರಿಯೆಯನ್ನೂ 22 ಮಂದಿಗೆ ತೋರಿಕೆಯ ಶಸ್ತ್ರಕ್ರಿಯೆಯನ್ನೂ ಮಾಡಲಾಯಿತು. ಮೂಗು ತೆರೆದುಕೊಂಡರೂ, ಗಂಟೆಗೆ ಎಷ್ಟು ಸಲ ಉಸಿರು ತಡೆಯುತ್ತದೆಂಬ ಸರಾಸರಿ ಲೆಕ್ಕ ಗಣನೀಯವಾಗಿ ಇಳಿಯಲಿಲ್ಲ. ಸಾಕಷ್ಟು ಗುಣ ಕಂಡವರು 27ರಲ್ಲಿ 4 ಮಂದಿ.

ಇಲ್ಲಿಯೇ ಅಪಾಯವೂ ಅಡಗಿದೆ. ಮೂಗಿನ ಶಸ್ತ್ರಕ್ರಿಯೆಯ ನಂತರ ಉಸಿರಾಟ ಹಗುರಾಗುತ್ತದೆ, ಗೊರಕೆಯ ಸದ್ದು ತಗ್ಗಬಹುದು, ರೋಗಿಗೆ ‘ವಾಸಿಯಾಯಿತು’ ಎನ್ನಿಸುತ್ತದೆ. ಮನೆಯವರೂ ನಿಶ್ಚಿಂತರಾಗುತ್ತಾರೆ. ಆದರೆ ಗಂಟಲು ರಾತ್ರಿ ಮೊದಲಿನಂತೆಯೇ ಮುಚ್ಚಿಕೊಳ್ಳುತ್ತಿರಬಹುದು. ರಕ್ತದೊತ್ತಡ, ಹೃದಯದ ತೊಂದರೆ, ಪಾರ್ಶ್ವವಾಯು ಹಾಗೂ ವಾಹನ ಓಡಿಸುವಾಗ ತೂಕಡಿಸಿ ಆಗುವ ಅಪಘಾತ, ಇವುಗಳೊಂದಿಗೆ ಈ ರೋಗಕ್ಕಿರುವ ನಂಟು ಸದ್ದಿಲ್ಲದೆ ಮುಂದುವರಿಯುತ್ತದೆ. ಸದ್ದು ಅಡಗಿದ ಮಾತ್ರಕ್ಕೆ ರೋಗ ಅಡಗಿತೆಂದಲ್ಲ.

ಹಾಗೆಂದು ಮೂಗಿನ ಶಸ್ತ್ರಕ್ರಿಯೆ ವ್ಯರ್ಥವೇ? ಅದೂ ಅಲ್ಲ. ಸಿ-ಪ್ಯಾಪ್ ಗಾಳಿ ಒಳಗೆ ಹೋಗುವುದು ಸಾಮಾನ್ಯವಾಗಿ ಮೂಗಿನಿಂದಲೇ. ಮೂಗು ಕಟ್ಟಿದವನಿಗೆ ಮುಖವಾಡ ಹಿಂಸೆ. ಬಾಯಿ ಒಣಗಿ, ಒತ್ತಡ ಸಹಿಸಲಾರದೆ ನಡುರಾತ್ರಿ ಕಿತ್ತೆಸೆಯುತ್ತಾನೆ. 2016ರಲ್ಲಿ ಪ್ರಕಟವಾದ, ಸುಮಾರು 2,700 ಹೃದ್ರೋಗಿಗಳ ಹಾಗೂ ಪಾರ್ಶ್ವವಾಯು ಪೀಡಿತರ ಮೇಲಿನ ಒಂದು ದೊಡ್ಡ ಅಧ್ಯಯನದಲ್ಲಿ ಯಂತ್ರ ಹೃದಯಾಘಾತಗಳನ್ನು ತಗ್ಗಿಸಲಿಲ್ಲವೆಂಬ ಫಲಿತಾಂಶ ಬಂತು. ಆದರೆ ಅವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಮೂಗಿನ ಶಸ್ತ್ರಕ್ರಿಯೆಯ ನಂತರ ಬೇಕಾಗುವ ಒತ್ತಡ ಸುಮಾರು 2 ಸೆಂಟಿಮೀಟರಿನಷ್ಟು ಇಳಿಯುತ್ತದೆಂದು 2015ರ ಒಂದು ಸಮೀಕ್ಷೆ ತೋರಿಸಿತ್ತು. ಶಸ್ತ್ರಕ್ರಿಯೆಯ ಸರಿಯಾದ ಜಾಗ ಇದು: ಅದು ಸ್ವತಃ ಮದ್ದಲ್ಲ, ಮದ್ದು ಒಳಹೋಗುವ ಬಾಗಿಲನ್ನು ತೆರೆಯುವ ಕೆಲಸ.

ಮೊದಲ ಸಾಕ್ಷಿ

1993ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ಸಮೀಕ್ಷೆ, ನಡುವಯಸ್ಸಿನ ಗಂಡಸರಲ್ಲಿ ನೂರಕ್ಕೆ 4, ಹೆಂಗಸರಲ್ಲಿ ನೂರಕ್ಕೆ 2 ಮಂದಿಗೆ ಹಗಲಿನ ತೂಕಡಿಕೆ ಸಹಿತವಾದ ಈ ರೋಗವಿದೆಯೆಂದು ಹೇಳಿ ವೈದ್ಯಲೋಕವನ್ನು ಬೆಚ್ಚಿಸಿತು. ಭಾರತದಲ್ಲಿ ಸುಮಾರು 10.4 ಕೋಟಿ ಮಂದಿಗೆ ಇದು ಇರಬಹುದೆಂದು ದೆಹಲಿಯ ಏಮ್ಸ್ ಸಂಶೋಧಕರು 2023ರಲ್ಲಿ ಅಂದಾಜು ಮಾಡಿದರು. ರಾತ್ರಿಯಿಡೀ ನಿದ್ದೆಯನ್ನು ಅಳೆಯುವ ಪ್ರಯೋಗಾಲಯಗಳು ಬೆಂಗಳೂರಿನ ನಿಮ್ಹಾನ್ಸ್ ಸೇರಿ ಹಲವೆಡೆ ಇವೆ. ಮನೆಯಲ್ಲೇ ಮಾಡುವ ಸರಳ ಪರೀಕ್ಷೆಯೂ ಬಂದಿದೆ. ಗಂಟೆಗೆ 5 ಸಲಕ್ಕಿಂತ ಕಡಿಮೆ ಉಸಿರು ತಡೆದರೆ ದೊಡ್ಡವರಲ್ಲಿ ಸಹಜ. 30 ಅಥವಾ ಹೆಚ್ಚಾದರೆ ತೀವ್ರ.

ಚಿಕಿತ್ಸೆಗಳೂ ಹೆಚ್ಚಿವೆ. ನಾಲಿಗೆಯ ನರವನ್ನು ಪ್ರಚೋದಿಸಿ ಗಂಟಲನ್ನು ತೆರೆದಿಡುವ ಸಾಧನಕ್ಕೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ದೊರೆಯಿತು. ಬೊಜ್ಜಿರುವ ಆಪ್ನಿಯಾ ರೋಗಿಗಳಿಗಾಗಿ ತೂಕ ಇಳಿಸುವ ಟಿರ್ಜೆಪಟೈಡ್ ಔಷಧಿಗೆ 2024ರ ಡಿಸೆಂಬರ್‌ನಲ್ಲಿ ಅಲ್ಲೇ ಅನುಮತಿ ಸಿಕ್ಕಿತು. ಮಕ್ಕಳಲ್ಲಿ ಮಾತ್ರ, ಮೇಯರ್ ಬೆರಳಿಗೆ ತಗಲಿದ ಅಡಿನಾಯ್ಡ್ ಹಾಗೂ ಟಾನ್ಸಿಲ್ ತೆಗೆಯುವುದು ಇಂದಿಗೂ ಮೊದಲ ಚಿಕಿತ್ಸೆಗಳಲ್ಲೊಂದು.

ಆದ್ದರಿಂದ ‘ಮೂಗಿನ ಆಪರೇಷನ್ ಮಾಡಿಸಲೇ?’ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ, ‘ರಾತ್ರಿ ಉಸಿರು ನಿಲ್ಲುತ್ತಿದೆಯೇ, ನಿಲ್ಲುವುದು ಎಲ್ಲಿ?’ ಎಂಬುದು. ಶಸ್ತ್ರಕ್ರಿಯೆಯ ನಂತರವೂ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದರಷ್ಟೇ ಉತ್ತರ ಪೂರ್ಣ. ಆ ಪ್ರಶ್ನೆಗೆ ಮೊದಲ ಸಾಕ್ಷಿ ಯಂತ್ರವಲ್ಲ, ಪಕ್ಕದಲ್ಲಿ ಎಚ್ಚರವಾಗಿರುವವರು. ಸಂತೆಯಲ್ಲೂ ನಿದ್ದೆಹೋಗುವವನಿಗೆ ಚಿಂತೆ ಇಲ್ಲದಿರಬಹುದು. ಅವನ ರಾತ್ರಿಯನ್ನು ಕಂಡವರು ಬಾಯಿಬಿಟ್ಟು ಹೇಳಿದರೆ ಅವನ ಜೀವ ಉಳಿದೀತು.